ಕುಟುಂಬದ ವಾಹನದ ಡಿಕ್ಕಿಗೆ ಅಳತೆಯ ಹಾಸು: ವರ್ತಕರು ಮತ್ತು ತಯಾರಕರು ಅರಿತಿರಬೇಕಾದ ಅಂಶಗಳು

ವ್ಯಾಪಾರಸ್ಥರ ಮನೆಯ ವಾಹನವು ಕೇವಲ ಮನೆಯ ವಾಹನವಾಗಿ ಉಳಿಯುವುದು ಅಪರೂಪ. ವಾರದ ಆರು ದಿನ ಅದರ ಹಿಂಭಾಗದಲ್ಲಿ ಬಟ್ಟೆಯ ಕಟ್ಟುಗಳು, ಬಿಡಿಭಾಗಗಳ ಪೆಟ್ಟಿಗೆಗಳು, ಎಣ್ಣೆಯ ಡಬ್ಬಗಳು, ಗಿರಾಕಿಗಳಿಗೆ ತೋರಿಸಬೇಕಾದ ಮಾದರಿಗಳು ತುಂಬಿರುತ್ತವೆ. ಏಳನೆಯ ದಿನ ಅದೇ ಜಾಗದಲ್ಲಿ ಮಕ್ಕಳ ಚೀಲಗಳು, ಬುತ್ತಿಯ ಗಂಟು, ತೀರ್ಥಕ್ಷೇತ್ರಕ್ಕೆ ಹೊರಟ ಹಿರಿಯರ ಸಾಮಾನು ಇರುತ್ತವೆ. 2000ದಲ್ಲಿ ಕ್ವಾಲಿಸ್ ಮತ್ತು 2005ರಲ್ಲಿ ಇನ್ನೋವಾ ಬಿಡದಿಯ ಕಾರ್ಖಾನೆಯಿಂದ ಹೊರಬಂದವು. 2012ರಲ್ಲಿ ಎರ್ಟಿಗಾ ಮಾರುಕಟ್ಟೆಗೆ ಬಂದಿತು. ಹಿಂದಿನ ಸಾಲನ್ನು ಮಡಚಿದರೆ ಸರಕಿಗೆ, ಎತ್ತಿದರೆ ಕುಟುಂಬಕ್ಕೆ ಒದಗುವ ಇಂತಹ ವಾಹನಗಳು ಬಂದ ಮೇಲೆ ಈ ಎರಡು ಬಗೆಯ ಬಳಕೆ ಇನ್ನಷ್ಟು ಸುಲಭವಾಯಿತು.

ಈ ಭಾಗದ ನೆಲಕ್ಕೆ ಅಳತೆಗೆ ತಕ್ಕ ಹಾಸನ್ನು ಮಾಡಿಸುವುದು ಕೆಲವೇ ಸಾವಿರ ರೂಪಾಯಿಗಳ ವಿಷಯ. ಮೊತ್ತ ಚಿಕ್ಕದೆಂಬ ಕಾರಣಕ್ಕೆ ಹೆಚ್ಚಿನವರು ಅಂಗಡಿಯವನು ತೋರಿಸಿದ್ದನ್ನು ಹಾಕಿಸಿಕೊಂಡು ಬರುತ್ತಾರೆ. ವಾಸ್ತವವಾಗಿ ಇಲ್ಲಿ ವಿಚಾರ ಮಾಡಬೇಕಾದ ಮೂರು ಪ್ರಶ್ನೆಗಳಿವೆ. ನಾವು ಸಾಗಿಸುವ ಸರಕಿಗೆ ಯಾವ ಹಾಸು ತಕ್ಕುದು? ಅದರ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಹೇಗೆ ಬರೆಯಬೇಕು? ಹಾಸಿನ ಮೇಲೆ ಇಡುವ ಸರಕನ್ನು ವಿಮೆ ಮತ್ತು ಕಾನೂನು ಒಪ್ಪುತ್ತವೆಯೇ? ಮೊದಲಿನ ಎರಡರಲ್ಲಿ ತಪ್ಪಿದರೆ ನಷ್ಟ ಸಾವಿರಗಳಲ್ಲಿ ಮುಗಿಯುತ್ತದೆ. ಮೂರನೆಯದರಲ್ಲಿ ತಪ್ಪಿದರೆ ಅದು ಲಕ್ಷಗಳನ್ನು ಮುಟ್ಟಬಹುದು. ಹಾಸನ್ನು ತಯಾರಿಸಿ ಮಾರುವ ಸಣ್ಣ ಕೈಗಾರಿಕೋದ್ಯಮಿಗಳಿಗೆ ಸಂಬಂಧಿಸಿದ ತೆರಿಗೆಯ ಪ್ರಶ್ನೆಯನ್ನು ಲೇಖನದ ಕೊನೆಯ ಭಾಗದಲ್ಲಿ ಚರ್ಚಿಸಲಾಗಿದೆ.

ನೆಲಕ್ಕೆ ಆಗುವ ಹಾನಿ

ಕಾರ್ಖಾನೆಯಿಂದ ಬರುವ ವಾಹನದ ಡಿಕ್ಕಿಗೆ ಸಾಮಾನ್ಯವಾಗಿ ತೆಳುವಾದ ಫೆಲ್ಟ್ ಹೊದಿಕೆ ಇರುತ್ತದೆ. ಅದರ ಉದ್ದೇಶ ಸದ್ದನ್ನು ಅಡಗಿಸುವುದು ಮತ್ತು ಅಂದ. ದಿನನಿತ್ಯ ಸರಕನ್ನು ಎಳೆದು ಹಾಕುವ ಬಳಕೆಗೆ ಅದು ತಯಾರಾದದ್ದಲ್ಲ. ಅದರ ಮೇಲೆ ಚೆಲ್ಲಿದ ದ್ರವ ಕೆಳಗಿಳಿದು ತಗಡಿನ ಮೇಲೆ ನಿಲ್ಲುತ್ತದೆ. ಮೇಲ್ಭಾಗ ಒಣಗಿದಂತೆ ಕಂಡರೂ ಅಡಿಯಲ್ಲಿ ತೇವ ವಾರಗಟ್ಟಲೆ ಉಳಿಯುತ್ತದೆ. ಸ್ಟೆಪ್ನಿ ಚಕ್ರವನ್ನು ಡಿಕ್ಕಿಯ ಅಡಿಯಲ್ಲಿಟ್ಟಿರುವ ವಾಹನಗಳಲ್ಲಿ ಈ ನೀರೆಲ್ಲ ಹರಿದು ಸೇರುವ ತಗ್ಗು ಅದೇ ಆಗಿರುತ್ತದೆ.

ತಗಡಿಗೆ ಬಣ್ಣದ ರಕ್ಷಣೆ ಇರುತ್ತದೆ. ಆದರೆ ಕಬ್ಬಿಣದ ಪೆಟ್ಟಿಗೆಯ ಅಂಚು ತಾಗಿ ಒಂದು ಗೀರು ಬಿದ್ದರೆ ಆ ರಕ್ಷಣೆ ಅಲ್ಲಿಗೆ ಮುಗಿಯಿತು. ಕಬ್ಬಿಣ, ನೀರು ಮತ್ತು ಗಾಳಿ ಸೇರಿದೆಡೆ ತುಕ್ಕು ಹುಟ್ಟುತ್ತದೆ. ಉಪ್ಪು ಸೇರಿದರೆ ಅದರ ವೇಗ ಹೆಚ್ಚುತ್ತದೆ. ಕರಾವಳಿಯಲ್ಲಿ ಮೀನಿನ ಬುಟ್ಟಿಯಿಂದ ಸೋರುವ ನೀರು ಹಿಡಿಸುವ ತುಕ್ಕಿಗೂ ಬಯಲುಸೀಮೆಯಲ್ಲಿ ಕುಡಿಯುವ ನೀರಿನ ಕ್ಯಾನ್ ಚೆಲ್ಲಿ ಹಿಡಿಯುವ ತುಕ್ಕಿಗೂ ಇರುವ ವ್ಯತ್ಯಾಸಕ್ಕೆ ಕಾರಣ ಇದೇ. ಬೆಲ್ಲ, ಹಾಲು, ಎಣ್ಣೆಗಳು ತುಕ್ಕನ್ನು ಅಷ್ಟಾಗಿ ಹಿಡಿಸದಿದ್ದರೂ ವಾಸನೆಯನ್ನೂ ಬೂಷ್ಟನ್ನೂ ಬಿಟ್ಟುಹೋಗುತ್ತವೆ. ಇಂತಹ ವಾಹನಗಳಲ್ಲಿ ಡಿಕ್ಕಿಗೂ ಪ್ರಯಾಣಿಕರು ಕೂರುವ ಭಾಗಕ್ಕೂ ನಡುವೆ ಗೋಡೆ ಇರುವುದಿಲ್ಲವಾದ್ದರಿಂದ ಆ ಗಾಳಿಯನ್ನೇ ಮನೆಯವರು ಉಸಿರಾಡಬೇಕಾಗುತ್ತದೆ.

ಈಗ ಲೆಕ್ಕವನ್ನು ನೋಡೋಣ. ಉದಾಹರಣೆಗಾಗಿ ಊಹಿಸಿದ ಅಂಕಿಗಳಿವು. ಹಾಸಿನ ಬೆಲೆ 6,000 ರೂಪಾಯಿ, ಬಾಳಿಕೆ 5 ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ 1,200, ತಿಂಗಳಿಗೆ 100 ರೂಪಾಯಿ ಖರ್ಚು ಬೀಳುತ್ತದೆ. ವಾಹನವನ್ನು ಮಾರುವಾಗ ಕೊಳ್ಳುವವನು ಡಿಕ್ಕಿಯ ಹೊದಿಕೆಯನ್ನು ಎತ್ತಿ ನೋಡಿ, ತುಕ್ಕನ್ನು ತೋರಿಸಿ 15,000 ರೂಪಾಯಿ ಕಡಿಮೆ ಕೇಳಿದರೆ, ಹಾಸು ಹಾಕಿಸಿದವರಿಗೆ ನಿವ್ವಳ 9,000 ರೂಪಾಯಿ ಉಳಿದಂತಾಗುತ್ತದೆ. ವರ್ಷಕ್ಕೆ ನಾಲ್ಕೈದು ಬಾರಿ ಮಾತ್ರ ಸಾಮಾನು ಹಾಕುವ ಮನೆಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅಂಥವರಿಗೆ ಹಳೆಯ ಜಮಖಾನೆ ಸಾಕು.

ಸರಕಿಗೆ ತಕ್ಕ ಹಾಸು

ಹಾಸಿನ ಆಯ್ಕೆಯನ್ನು ವಾಹನದ ಬೆಲೆ ನಿರ್ಧರಿಸಬಾರದು; ಅದರ ಮೇಲೆ ಇಡುವ ಸರಕು ನಿರ್ಧರಿಸಬೇಕು.

ಬಟ್ಟೆ, ಪುಸ್ತಕ, ಸಿದ್ಧ ಉಡುಪು, ಔಷಧಿಯ ಪೆಟ್ಟಿಗೆಗಳಂತಹ ಒಣ ಸರಕಿಗೆ ನೀಡಲ್ ಪಂಚ್ ಫೆಲ್ಟ್ ಅಥವಾ ಗುಚ್ಛದ ಕಾರ್ಪೆಟ್ ಸಾಕಾಗುತ್ತದೆ. ಅದು ಮೃದು, ಸದ್ದು ಮಾಡುವುದಿಲ್ಲ, ಪೆಟ್ಟಿಗೆ ಜಾರುವುದನ್ನು ತಕ್ಕಮಟ್ಟಿಗೆ ತಡೆಯುತ್ತದೆ. ದ್ರವವನ್ನು ಹೀರಿಕೊಳ್ಳುವುದೇ ಇದರ ದೋಷ. ತೆಂಗಿನ ನಾರಿನ ಹಾಸು ಧೂಳನ್ನು ಚೆನ್ನಾಗಿ ಹಿಡಿಯುತ್ತದೆ. ನಮ್ಮ ತಿಪಟೂರು, ಅರಸೀಕೆರೆಗಳ ತೆಂಗಿನ ಸೀಮೆಗೆ ನಾರು ಹೊಸದಲ್ಲ. ಆದರೆ ಒರಟಾದ ನಾರು ನಯವಾದ ಬಟ್ಟೆಯ ಕಟ್ಟನ್ನು ಎಳೆಯುತ್ತದೆ, ಮಳೆಗಾಲದಲ್ಲಿ ತೇವವನ್ನೂ ಹಿಡಿದಿಡುತ್ತದೆ. ಹೀಗಾಗಿ ಇದು ಡಿಕ್ಕಿಗಿಂತ ಬಾಗಿಲಿಗೆ ಹೆಚ್ಚು ಒಪ್ಪುತ್ತದೆ.

ಎಣ್ಣೆ, ತುಪ್ಪ, ಮೀನು, ಹಾಲು, ಬೆಲ್ಲಗಳಿಗೆ ಅಂಚು ಮೇಲೆದ್ದ ತಟ್ಟೆಯಾಕಾರದ ಹಾಸು ಬೇಕು. ಒಂದು ಚದರ ಮೀಟರ್ ಹಾಸಿಗೆ ಒಂದು ಸೆಂಟಿಮೀಟರ್ ಎತ್ತರದ ಅಂಚಿದ್ದರೆ ಸಮತಲದಲ್ಲಿ ಅದು 10 ಲೀಟರ್ ದ್ರವವನ್ನು ಹಿಡಿಯಬಲ್ಲದು. ಏರು ರಸ್ತೆಯಲ್ಲಿ ದ್ರವವೆಲ್ಲ ಒಂದೇ ಕಡೆ ಸರಿಯುವುದರಿಂದ ಎರಡೂವರೆ ಸೆಂಟಿಮೀಟರಿಗೆ ಕಡಿಮೆಯಿಲ್ಲದ ಅಂಚು ಇರುವುದು ಲೇಸು. ಇದಕ್ಕೆ ಒದಗುವ ವಸ್ತುಗಳು ಮುಖ್ಯವಾಗಿ ಮೂರು. ಮೊದಲನೆಯದು ರಬ್ಬರ್: ಗಟ್ಟಿ, ಜಾರುವುದಿಲ್ಲ, ಬಾಳಿಕೆ ಬರುತ್ತದೆ, ಆದರೆ ಸ್ವಾಭಾವಿಕ ರಬ್ಬರ್ ಖನಿಜ ತೈಲಕ್ಕೆ ತಾಗಿದರೆ ಉಬ್ಬುತ್ತದೆ. ಎಂಜಿನ್ ಆಯಿಲ್, ಗ್ರೀಸ್ ಸಾಗಿಸುವವರು ನೈಟ್ರೈಲ್ ರಬ್ಬರನ್ನು ಕೇಳಿ ಪಡೆಯಬೇಕು. ಎರಡನೆಯದು ಪಿವಿಸಿ: ಅಗ್ಗ, ನೀರಿಗೆ ಜಗ್ಗದು, ಆದರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ವಾಸನೆ ಬಿಡುತ್ತದೆ, ವರ್ಷಗಳು ಕಳೆದಂತೆ ಗಡಸಾಗಿ ಅಂಚಿನಲ್ಲಿ ಸೀಳುತ್ತದೆ. ಮೂರನೆಯದು ಟಿಪಿಇ ಎಂದು ಕರೆಯುವ ವಸ್ತು: ರಬ್ಬರಿನಂತೆ ಬಾಗುತ್ತದೆ, ಪ್ಲಾಸ್ಟಿಕ್ಕಿನಂತೆ ಅಚ್ಚಿನಲ್ಲಿ ರೂಪ ಪಡೆಯುತ್ತದೆ, ಹಗುರ, ವಾಸನೆ ಕಡಿಮೆ, ಬೆಲೆ ಮಾತ್ರ ಹೆಚ್ಚು.

ತೂಕದ ಅಂತರವನ್ನೂ ಗಮನಿಸಬೇಕು. 120 ಸೆಂ.ಮೀ. ಉದ್ದ, 100 ಸೆಂ.ಮೀ. ಅಗಲ, 4 ಮಿ.ಮೀ. ದಪ್ಪದ ರಬ್ಬರ್ ಹಾಸು, ಘನ ಸೆಂಟಿಮೀಟರಿಗೆ 1.4 ಗ್ರಾಂ ಸಾಂದ್ರತೆಯಂತೆ, ಸುಮಾರು 6.7 ಕಿಲೋ ತೂಗುತ್ತದೆ. ಅದೇ ಅಳತೆಯ ಎರಡೂವರೆ ಮಿ.ಮೀ. ದಪ್ಪದ ಟಿಪಿಇ ಹಾಸು ಸುಮಾರು 3 ಕಿಲೋ. ವಾರಕ್ಕೊಮ್ಮೆ ಹಾಸನ್ನು ಹೊರತೆಗೆದು ತೊಳೆಯುವವರು ಮನೆಯ ಹಿರಿಯರಾದರೆ ಈ ವ್ಯತ್ಯಾಸ ಚಿಕ್ಕದಲ್ಲ.

ಹಾರ್ಡ್‌ವೇರ್, ಯಂತ್ರದ ಬಿಡಿಭಾಗ, ಉಪಕರಣಗಳ ವ್ಯಾಪಾರಿಗಳಿಗೆ ದಪ್ಪ ರಬ್ಬರ್ ಶೀಟು, ಅದರ ಮೇಲೆ 6 ಮಿ.ಮೀ. ಪ್ಲೈವುಡ್ ಹಲಗೆ ಹೆಚ್ಚು ಉಪಯುಕ್ತ. ಚೂಪಾದ ಅಂಚಿನ ಭಾರವನ್ನು ಹಲಗೆ ಹಂಚುತ್ತದೆ, ರಬ್ಬರು ಸದ್ದನ್ನು ತಡೆಯುತ್ತದೆ. ಈಚೆಗೆ ಜನಪ್ರಿಯವಾಗಿರುವ ಇವಿಎ ಫೋಮಿನ ಹಾಸು ಹಗುರವಾದರೂ ಭಾರವಾದ ಕಬ್ಬಿಣಕ್ಕೆ ತಗ್ಗು ಬೀಳುತ್ತದೆ.

ಅಳತೆ ತೆಗೆಯುವ ಕ್ರಮ

ಎಲ್ಲ ಕಾರಿಗೂ ಆಗುತ್ತದೆ ಎಂದು ಮಾರುವ ಹಾಸು ಯಾವ ಕಾರಿಗೂ ಸರಿಯಾಗಿ ಆಗುವುದಿಲ್ಲ. ಅಂಚಿನಲ್ಲಿ ಉಳಿದ ಎರಡು ಬೆರಳಿನ ಸಂದಿಯಿಂದಲೇ ನೀರು ಇಳಿಯುತ್ತದೆ. ಆದ್ದರಿಂದ ದಪ್ಪ ಕಾಗದವನ್ನು ನೆಲಕ್ಕೆ ಹಾಸಿ, ಅಂಚನ್ನು ಕೈಯಿಂದ ಒತ್ತಿ ಗೆರೆ ಮೂಡಿಸಿ ಕತ್ತರಿಸಿದ ನಮೂನೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಚಕ್ರದ ಉಬ್ಬುಗಳ ನಡುವಿನ ಅಗಲ, ಆಸನದ ಹಿಂದಿನ ಅಗಲ ಮತ್ತು ಬಾಗಿಲ ಬಳಿಯ ಅಗಲ ಬೇರೆಬೇರೆ ಇರುತ್ತವೆ, ಮೂರನ್ನೂ ಅಳೆಯಬೇಕು. ಮೂರು ಸಾಲಿನ ವಾಹನದಲ್ಲಿ ಹಿಂದಿನ ಆಸನವನ್ನು ಎತ್ತಿದಾಗ ಮತ್ತು ಮಡಚಿದಾಗ ಎರಡು ಅಳತೆಗಳು ಬರುತ್ತವೆ. ಆಸನ ಮಡಚುವ ಗೆರೆಯಲ್ಲಿಯೇ ಹಾಸನ್ನೂ ಎರಡು ತುಂಡು ಮಾಡಿ, ಒಂದರ ಮೇಲೊಂದು ಬರುವಂತೆ ಮಾಡಿಸಿದರೆ ಎರಡೂ ಸ್ಥಿತಿಗೆ ಹೊಂದುತ್ತದೆ.

ಸ್ಟೆಪ್ನಿಯ ಮುಚ್ಚಳವನ್ನು ಎತ್ತಲು ಹಾಸನ್ನು ಪೂರ್ತಿ ಕಿತ್ತುಹಾಕುವಂತಿರಬಾರದು. ಮಕ್ಕಳ ಆಸನವನ್ನು ಬಿಗಿಯುವ ಕೊಂಡಿಗಳು, ಸರಕನ್ನು ಕಟ್ಟುವ ಕೊಕ್ಕೆಗಳು, ಹೈಬ್ರಿಡ್ ವಾಹನಗಳಲ್ಲಿ ಬ್ಯಾಟರಿಗೆ ಗಾಳಿ ಹೋಗುವ ಜಾಲರಿಗಳು ಇವುಗಳನ್ನು ಮುಚ್ಚಲೇಬಾರದು. ಸರಕನ್ನು ಎತ್ತಿ ಇಳಿಸುವಾಗ ಹೆಚ್ಚು ಗೀರು ಬೀಳುವುದು ಬಾಗಿಲ ಹೊಸ್ತಿಲು ಮತ್ತು ಬಂಪರಿನ ಮೇಲ್ಭಾಗಕ್ಕೆ. ಅಲ್ಲಿಗೆ ಮಡಚಿ ಹೊರಚಾಚುವ ಒಂದು ಪಟ್ಟಿಯನ್ನು ಹೊಲಿಸಿಕೊಂಡರೆ ಅಲ್ಪ ಖರ್ಚಿನಲ್ಲಿ ದೊಡ್ಡ ಅನುಕೂಲವಾಗುತ್ತದೆ. ಹಾಸನ್ನು ಅಂಟಿನಿಂದ ಅಂಟಿಸುವುದು ಬೇಡ. ಮಳೆಗಾಲ ಮುಗಿದೊಡನೆ ಅದನ್ನು ಎತ್ತಿ, ಅಡಿಯ ನೆಲವನ್ನೂ ಸ್ಟೆಪ್ನಿಯ ತಗ್ಗನ್ನೂ ಒಣಗಿಸುವುದೇ ಹಾಸಿನ ಅರ್ಧ ಪ್ರಯೋಜನ.

ಹಾಸಿನಿಂದ ಆಗದ ಕೆಲಸ

ಜಾರದ ಹಾಸು ಇದೆಯೆಂದು ಪೆಟ್ಟಿಗೆಯನ್ನು ಕಟ್ಟದೆ ಬಿಡುವುದು ಅಪಾಯಕರ. ತಿರುವಿನಲ್ಲಿ ಪೆಟ್ಟಿಗೆ ಸರಿಯದಂತೆ ಹಾಸು ತಡೆದೀತು; ಡಿಕ್ಕಿ ಹೊಡೆದಾಗ ತಡೆಯಲಾರದು. ಅಪಘಾತದ ಕ್ಷಣದಲ್ಲಿ ವಾಹನದ ವೇಗ ಗುರುತ್ವಾಕರ್ಷಣೆಯ 20 ಪಟ್ಟು ರಭಸದಿಂದ ಇಳಿದರೆ, 20 ಕಿಲೋ ಪೆಟ್ಟಿಗೆಯು ಮುಂದಿನ ಆಸನದಲ್ಲಿರುವವರ ಮೇಲೆ 400 ಕಿಲೋ ಭಾರದಂತೆ ಬಂದು ಬೀಳುತ್ತದೆ. ಭಾರದ ಪೆಟ್ಟಿಗೆಯನ್ನು ಆಸನದ ಬೆನ್ನಿಗೆ ಒತ್ತಿ, ತಳದಲ್ಲಿಟ್ಟು, ಕೊಕ್ಕೆಗೆ ಪಟ್ಟಿಯಿಂದ ಬಿಗಿಯಬೇಕು.

ಆಮ್ಲ ತುಂಬಿದ ಬ್ಯಾಟರಿ, ಬಣ್ಣದ ಥಿನ್ನರ್, ಕೀಟನಾಶಕ ಇವುಗಳಿಗೆ ಯಾವ ಹಾಸೂ ಕುಟುಂಬದ ವಾಹನವನ್ನು ಯೋಗ್ಯವಾಗಿಸುವುದಿಲ್ಲ. ಕೀಟನಾಶಕವು ಆಹಾರ ಪದಾರ್ಥಗಳಿಗೆ ಅಥವಾ ಪಶು ಆಹಾರಕ್ಕೆ ನೇರವಾಗಿ ತಾಗುವಂತೆ ಸಾಗಿಸುವುದನ್ನು 1971ರ ಕೀಟನಾಶಕ ನಿಯಮಗಳು ನಿಷೇಧಿಸಿವೆ. ಸೋಮವಾರ ಕೀಟನಾಶಕ ಸೋರಿದ ಹಾಸಿನ ಮೇಲೆ ಭಾನುವಾರ ಅಕ್ಕಿಯ ಚೀಲವನ್ನೋ ಊಟದ ಬುತ್ತಿಯನ್ನೋ ಇಡುವ ಮನೆಗಳು ಈ ನಿಯಮದ ಉದ್ದೇಶವನ್ನು ನೆನಪಿಡಬೇಕು.

ವಿಮೆ ಮತ್ತು ಮೋಟಾರು ವಾಹನ ಕಾಯಿದೆ

ಸದಸ್ಯರು ತಮ್ಮ ಖಾಸಗಿ ಕಾರಿನ ವಿಮಾ ಪಾಲಿಸಿಯನ್ನು ತೆಗೆದು ಬಳಕೆಯ ಮಿತಿಗಳು ಎಂಬ ಭಾಗವನ್ನು ಒಮ್ಮೆ ಓದಬೇಕೆಂದು ವಿನಂತಿ. ಬಾಡಿಗೆ ಅಥವಾ ಪ್ರತಿಫಲಕ್ಕಾಗಿ ಬಳಸುವುದು ಮತ್ತು ಮಾದರಿಗಳು ಹಾಗೂ ಸ್ವಂತ ಸಾಮಾನುಗಳನ್ನು ಬಿಟ್ಟು ಇತರ ಸರಕನ್ನು ಸಾಗಿಸುವುದು ಪಾಲಿಸಿಯ ವ್ಯಾಪ್ತಿಗೆ ಹೊರತು ಎಂದು ಅಲ್ಲಿ ಹೇಳಿರುತ್ತದೆ. ಅಂದರೆ ಗಿರಾಕಿಗೆ ತೋರಿಸಲು ಹತ್ತು ಸೀರೆಗಳನ್ನು ಒಯ್ಯುವುದಕ್ಕೆ ಅಡ್ಡಿಯಿಲ್ಲ. ಅಂಗಡಿಗೆ ಇನ್ನೂರು ಸೀರೆಗಳ ಮೂಟೆಯನ್ನು ತರುವಾಗ ಅಪಘಾತವಾದರೆ ವಿಮಾ ಕಂಪನಿಗೆ ಆಕ್ಷೇಪಣೆ ಎತ್ತಲು ಆಧಾರ ಸಿಕ್ಕಂತೆಯೇ. ಡಿಕ್ಕಿಗೆ ಹಾಕಿಸಿದ ದಪ್ಪ ಹಾಸು, ಪ್ಲೈವುಡ್ ಹಲಗೆ, ಸದಾ ಮಡಚಿಟ್ಟ ಹಿಂದಿನ ಆಸನ ಇವೆಲ್ಲ ಸರ್ವೇಯರ್ ಕಣ್ಣಿಗೆ ನಿತ್ಯದ ಸರಕು ಸಾಗಣೆಯ ಕುರುಹುಗಳಾಗಿ ಕಾಣಬಹುದು.

ಖಾಸಗಿ ಬಳಕೆಯ ಪಾಲಿಸಿ ಇದ್ದ ವಾಹನವನ್ನು ಬಾಡಿಗೆಗೆ ಬಳಸಿದ ಪ್ರಕರಣವೊಂದರಲ್ಲಿ, ಕ್ಲೇಮನ್ನು ಪೂರ್ತಿಯಾಗಿ ತಿರಸ್ಕರಿಸುವುದು ಸರಿಯಲ್ಲ, ಭಾಗಶಃ ಇತ್ಯರ್ಥಪಡಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಓರಿಯಂಟಲ್ ಇನ್ಶೂರೆನ್ಸ್ ಕಂಪನಿಗೆ ಸಂಬಂಧಿಸಿದ ತೀರ್ಪಿನಲ್ಲಿ ಹೇಳಿತು. ಅಲ್ಲಿ ಅನುಸರಿಸಿದ ಮಾರ್ಗಸೂಚಿಯಂತೆ ಬಳಕೆಯ ಮಿತಿಯನ್ನು ಮೀರಿದಾಗ ಒಪ್ಪತಕ್ಕ ಮೊತ್ತದ ಶೇಕಡಾ 75ರವರೆಗೆ ದೊರೆಯಬಹುದು. ಇದು ಸಮಾಧಾನದ ವಿಷಯವೇ. ಆದರೂ 4 ಲಕ್ಷ ರೂಪಾಯಿಗಳ ಹಾನಿಗೆ ಹೆಚ್ಚೆಂದರೆ 3 ಲಕ್ಷ ಸಿಕ್ಕೀತು, ಅದೂ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದ ಮೇಲೆ. ಡಿಕ್ಕಿಯಲ್ಲಿದ್ದ ಸರಕಿಗೆ ವಾಹನದ ಪಾಲಿಸಿಯಿಂದ ಏನೂ ಸಿಗುವುದಿಲ್ಲ. ಅದಕ್ಕೆ ಪ್ರತ್ಯೇಕ ಸಾಗಣೆ ವಿಮೆ ಬೇಕು.

ಹಾಸಿನ ವಿಮೆಯ ಬಗ್ಗೆಯೂ ಒಂದು ಮಾತು. ಹೊರಗಿನಿಂದ ಹಾಕಿಸಿದ ಬೆಲೆಬಾಳುವ ಉಪಸಾಧನಗಳನ್ನು ಪಾಲಿಸಿ ಪಡೆಯುವಾಗಲೇ ಘೋಷಿಸಬೇಕು, ಬಿಲ್ಲನ್ನು ಇಟ್ಟುಕೊಳ್ಳಬೇಕು. ಆಗಲೂ ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಶೇಕಡಾ 50ರಷ್ಟು ಸವಕಳಿಯನ್ನು ಕಳೆದೇ ಪರಿಹಾರ ಕೊಡುತ್ತಾರೆ.

1988ರ ಮೋಟಾರು ವಾಹನ ಕಾಯಿದೆಯ ದೃಷ್ಟಿಯೂ ಹೀಗೆಯೇ ಇದೆ. ಕಾರಿನಲ್ಲಿ ಒಯ್ಯುವ ಸ್ವಂತ ಸಾಮಾನು ಆ ಕಾಯಿದೆಯ ಅರ್ಥದಲ್ಲಿ ಸರಕಲ್ಲ. ಆದರೆ ಸರಕಿಗಾಗಿ ನಿರ್ಮಿಸದ ವಾಹನವೂ ಸರಕು ಸಾಗಣೆಗೆ ಬಳಕೆಯಾದಾಗ ಸರಕು ವಾಹನದ ವ್ಯಾಖ್ಯೆಯೊಳಗೆ ಬರುತ್ತದೆ. ಎತ್ತಿ ತೆಗೆಯಬಹುದಾದ ಹಾಸು ವಾಹನದ ರಚನೆಯಲ್ಲಿ ಮಾಡಿದ ಮಾರ್ಪಾಟಲ್ಲ. ಆಸನವನ್ನೇ ಕಳಚಿ ನೆಲವನ್ನು ಸಪಾಟು ಮಾಡಿಸುವುದು ಬೇರೆ ಮಾತು. ಅದು ನೋಂದಣಿ ಪತ್ರದ ವಿವರಕ್ಕೆ ವಿರುದ್ಧವಾಗುತ್ತದೆ. ಇನ್ನು ಸರಕಿನ ಮೌಲ್ಯ 50,000 ರೂಪಾಯಿಗಳನ್ನು ಮೀರಿದರೆ, ಅದು ಸ್ವಂತ ಕಾರಿನ ಡಿಕ್ಕಿಯಲ್ಲಿದ್ದರೂ, ಇ-ವೇ ಬಿಲ್ ನಿಯಮ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ತಡೆಹಿಡಿದಾಗ ತೆರಿಗೆಯ ಶೇಕಡಾ 200ರಷ್ಟು ದಂಡ ತೆತ್ತು ಸರಕನ್ನು ಬಿಡಿಸಿಕೊಳ್ಳಬೇಕಾದೀತು. ಸರಕು ಸಾಗಣೆ ನಿತ್ಯದ ಅಗತ್ಯವಾಗಿದ್ದರೆ ಒಂದು ಸಣ್ಣ ಸರಕು ವಾಹನವನ್ನು ಇಟ್ಟುಕೊಳ್ಳುವುದೇ ಕ್ಷೇಮಕರ.

ಲೆಕ್ಕದ ಪುಸ್ತಕದಲ್ಲಿ

ವಾಹನವು ವ್ಯವಹಾರದ ಆಸ್ತಿಯಾಗಿ ಪುಸ್ತಕದಲ್ಲಿದ್ದರೆ ಮಾತ್ರ ಹಾಸಿನ ಖರ್ಚಿನ ಪ್ರಶ್ನೆ ಏಳುತ್ತದೆ. ಹೊಸ ವಾಹನವನ್ನು ಕೊಳ್ಳುವಾಗಲೇ ಹಾಸನ್ನು ಹಾಕಿಸಿದರೆ ಅದನ್ನು ವಾಹನದ ಮೂಲ ಬೆಲೆಗೆ ಸೇರಿಸುವುದು ರೂಢಿ. ಆಗ 6,000 ರೂಪಾಯಿಯ ಮೇಲೆ ಶೇಕಡಾ 15ರ ದರದಲ್ಲಿ ಮೊದಲ ವರ್ಷ 900 ರೂಪಾಯಿ ಸವಕಳಿ ಸಿಗುತ್ತದೆ. ಆ ವರ್ಷ ವಾಹನವನ್ನು 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಬಳಕೆಯಲ್ಲಿರುವ ವಾಹನದ ಹಳೆಯ ಹಾಸು ಹರಿದು ಹೊಸದನ್ನು ಹಾಕಿಸಿದರೆ ಅದು ನಿರ್ವಹಣಾ ವೆಚ್ಚ. ಆ ವರ್ಷದ ಲಾಭದಲ್ಲಿಯೇ ಕಳೆಯಬಹುದು.

ಕುಟುಂಬವೂ ಬಳಸುವ ವಾಹನದ ಪೂರ್ತಿ ಖರ್ಚನ್ನು ವ್ಯವಹಾರಕ್ಕೆ ಹಾಕುವುದು ಸರಿಯಲ್ಲ. ಸ್ವಂತ ಬಳಕೆಯ ಪಾಲನ್ನು ತೆರಿಗೆ ಅಧಿಕಾರಿ ಕಳೆಯಬಹುದೆಂದು 1961ರ ಆದಾಯ ತೆರಿಗೆ ಕಾಯಿದೆಯ 38(2)ನೇ ಪ್ರಕರಣ ಹೇಳುತ್ತದೆ. 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಉಳ್ಳ 2025ರ ಕಾಯಿದೆಯಲ್ಲಿ ಪ್ರಕರಣಗಳ ಸಂಖ್ಯೆ ಬದಲಾದರೂ ವ್ಯವಹಾರಕ್ಕೆ ತಗುಲಿದ ಖರ್ಚು ಮಾತ್ರ ಕಳೆಯತಕ್ಕದ್ದು ಎಂಬ ತತ್ತ್ವ ಹಾಗೆಯೇ ಇದೆ. ಓಡಿದ ಕಿಲೋಮೀಟರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಅದರಂತೆ ನಾಲ್ಕನೆಯ ಮೂರು ಪಾಲು ವ್ಯವಹಾರದ್ದು ಎಂದು ಕಂಡುಬಂದರೆ, 6,000 ರೂಪಾಯಿಯಲ್ಲಿ 4,500 ವಾಹನ ನಿರ್ವಹಣಾ ಖಾತೆಗೆ, 1,500 ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಹೋಗಬೇಕು. ಅಧಿಕಾರಿ ತಾನೇ ಅಂದಾಜು ಮಾಡಿ ಕಳೆಯುವುದಕ್ಕಿಂತ ನಾವೇ ದಾಖಲೆಯೊಂದಿಗೆ ಬೇರ್ಪಡಿಸುವುದು ಗೌರವದ ಮಾರ್ಗ. ಅಂದಾಜು ಆದಾಯದ ಯೋಜನೆಯಡಿ ತೆರಿಗೆ ಕಟ್ಟುವ ಸಣ್ಣ ವರ್ತಕರಿಗೆ ಹಾಸಿನ ಖರ್ಚು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಘೋಷಿಸಿದ ಶೇಕಡಾವಾರು ಲಾಭದಲ್ಲಿ ಅದೆಲ್ಲ ಅಡಗಿರುತ್ತದೆ.

ಜಿಎಸ್‌ಟಿ ವಿಷಯದಲ್ಲಿ, ಚಾಲಕನೂ ಸೇರಿ 13 ಜನರವರೆಗಿನ ಆಸನ ಸಾಮರ್ಥ್ಯದ ಪ್ರಯಾಣಿಕ ವಾಹನಕ್ಕೆ ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಅಂತಹ ವಾಹನದ ವಿಮೆ ಮತ್ತು ದುರಸ್ತಿ ಸೇವೆಗಳಿಗೂ ಇಲ್ಲ. ಬಿಡಿಯಾಗಿ ಕೊಂಡ ಹಾಸಿನ ಮೇಲಿನ ಕೆಲವು ನೂರು ರೂಪಾಯಿ ತೆರಿಗೆಗಾಗಿ ವಾದಕ್ಕೆ ಇಳಿಯುವುದಕ್ಕಿಂತ ತೆರಿಗೆ ಸಹಿತವಾದ ಮೊತ್ತವನ್ನೇ ಖರ್ಚಾಗಿ ಬರೆಯುವುದು ವಿವೇಕ. ಸರಕು ಸಾಗಣೆಯ ಪಿಕಪ್ ವಾಹನಕ್ಕೆ ಈ ನಿರ್ಬಂಧ ಇಲ್ಲ.

ತಯಾರಕರಿಗೆ ಕೆಲವು ಮಾತುಗಳು

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಳಲ್ಲಿ ಹಾಸಿನ ವ್ಯಾಪಾರ ಹಿಂದಿನಿಂದಲೂ ಇದೆ. ಈ ಉದ್ಯಮ ಎಷ್ಟು ಬೆಳೆಯಬಹುದೆಂಬುದಕ್ಕೆ ಅಮೆರಿಕದ ಇಲಿನಾಯ್ ರಾಜ್ಯದ ವೆದರ್‌ಟೆಕ್ ಉದಾಹರಣೆ. 1989ರಲ್ಲಿ ಇಂಗ್ಲೆಂಡಿನಿಂದ ಕಾರಿನ ಹಾಸುಗಳನ್ನು ತರಿಸಿ ಮಾರುವ ಸಣ್ಣ ವ್ಯಾಪಾರವಾಗಿ ಅದು ಆರಂಭವಾಯಿತು. ಮುಂದೆ ಪ್ರತಿ ಮಾದರಿಯ ನೆಲವನ್ನು ಲೇಸರ್ ಕಿರಣದಿಂದ ಅಳೆದು ತಾನೇ ತಯಾರಿಸತೊಡಗಿತು. 2014ರ ಹೊತ್ತಿಗೆ ಆ ದೇಶದ ಅತಿ ದುಬಾರಿ ಜಾಹೀರಾತಿನ ವೇದಿಕೆಯಾದ ಸೂಪರ್ ಬೌಲ್ ಪಂದ್ಯದಲ್ಲಿ ಜಾಹೀರಾತು ನೀಡುವ ಮಟ್ಟಕ್ಕೆ ಬೆಳೆಯಿತು. ಅದರ ಬಂಡವಾಳ ನಿಖರವಾದ ಅಳತೆ. ನಮ್ಮ ಸಣ್ಣ ಘಟಕಗಳೂ ಜನಪ್ರಿಯ ಹತ್ತು ಮಾದರಿಗಳ ಅಳತೆಯನ್ನು ಜತನದಿಂದ ಸಂಗ್ರಹಿಸಿಟ್ಟರೆ ಅದೇ ಒಂದು ಆಸ್ತಿಯಾಗುತ್ತದೆ.

ತೆರಿಗೆಯ ವರ್ಗೀಕರಣವನ್ನು ಆರಂಭದಲ್ಲಿಯೇ ಸರಿಪಡಿಸಿಕೊಳ್ಳಬೇಕು. ಕಾರಿಗೆಂದೇ ಕತ್ತರಿಸಿದ ಜವಳಿ ಹಾಸು ಕಾರಿನ ಉಪಸಾಧನವೋ ಅಥವಾ ಕಾರ್ಪೆಟ್ಟೋ ಎಂಬುದು ಅಬಕಾರಿ ಸುಂಕದ ಕಾಲದಲ್ಲಿ ವಿವಾದವಾಗಿತ್ತು. ಯುನಿ ಪ್ರಾಡಕ್ಟ್ಸ್ ಇಂಡಿಯಾ ಸಂಸ್ಥೆಯ ಪ್ರಕರಣದಲ್ಲಿ ಇಲಾಖೆ 8708ನೇ ಶೀರ್ಷಿಕೆಯನ್ನು ಪ್ರತಿಪಾದಿಸಿದರೆ ತಯಾರಕರು 5703ನೇ ಶೀರ್ಷಿಕೆಯನ್ನು ಪ್ರತಿಪಾದಿಸಿದರು. 2020ರ ಮೇ 1ರಂದು ಸರ್ವೋಚ್ಚ ನ್ಯಾಯಾಲಯ ತಯಾರಕರ ವಾದವನ್ನು ಎತ್ತಿಹಿಡಿಯಿತು. ಕಾರಿನಲ್ಲಿ ಬಳಸಲೆಂದು ಗುರುತಿಸಬಹುದಾದ ಗುಚ್ಛದ ಜವಳಿ ಕಾರ್ಪೆಟ್ಟು ಉಪಸಾಧನವಲ್ಲ, ಕಾರ್ಪೆಟ್ಟೇ ಎಂದು ಅಂತರರಾಷ್ಟ್ರೀಯ ಸರಕು ವರ್ಗೀಕರಣದ ವಿವರಣಾ ಟಿಪ್ಪಣಿಗಳು ಇದನ್ನೇ ಉದಾಹರಣೆಯಾಗಿ ಕೊಟ್ಟಿವೆ. ಹೆಚ್ಚು ನಿರ್ದಿಷ್ಟವಾದ ಹೆಸರು ಸಾಮಾನ್ಯ ಹೆಸರಿಗಿಂತ ಮೇಲು ಎಂಬುದೇ ಅಲ್ಲಿನ ಸೂತ್ರ.

2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ದರಗಳಂತೆ 5703ರ ಹಾಸಿಗೆ ಶೇಕಡಾ 5, 8708ರ ಬಿಡಿಭಾಗ ಮತ್ತು ಉಪಸಾಧನಗಳಿಗೆ ಶೇಕಡಾ 18. ಒಂದು ಲಕ್ಷ ರೂಪಾಯಿಗಳ ಮಾರಾಟದಲ್ಲಿ ಇದು 13,000 ರೂಪಾಯಿಗಳ ಅಂತರ. ಬಟ್ಟೆಯ ಮೇಲ್ಮೈ ಇಲ್ಲದ ರಬ್ಬರ್ ಹಾಸಿಗೆ ಈ ತೀರ್ಪಿನ ಆಸರೆ ಇಲ್ಲ. ಅದು 4016ರಡಿ ಶೇಕಡಾ 18ಕ್ಕೆ ಸೇರುತ್ತದೆ. ಪ್ಲಾಸ್ಟಿಕ್ ಅಧ್ಯಾಯದ ಟಿಪ್ಪಣಿಯು ವಾಹನದ ಭಾಗಗಳನ್ನು ಆ ಅಧ್ಯಾಯದಿಂದ ಹೊರಗಿಟ್ಟಿರುವುದರಿಂದ ಅಚ್ಚಿನ ಪ್ಲಾಸ್ಟಿಕ್ ಹಾಸಿನ ತಯಾರಕರು ಲಿಖಿತ ಸಲಹೆ ಪಡೆದೇ ಮುಂದುವರಿಯಬೇಕು. ತಪ್ಪಾಗಿ ಶೇಕಡಾ 5 ವಿಧಿಸಿ ಮಾರಿದರೆ ಉಳಿದ ಶೇಕಡಾ 13ನ್ನು ಗಿರಾಕಿಯಿಂದ ವಸೂಲು ಮಾಡಲಾಗದೆ, ವಾರ್ಷಿಕ ಶೇಕಡಾ 18ರ ಬಡ್ಡಿಯೊಂದಿಗೆ ತಾವೇ ಭರಿಸಬೇಕಾಗುತ್ತದೆ. ಜವಳಿ ಹಾಸಿನ ತಯಾರಕರಿಗೆ ಅಡಿಪದರದ ಕಚ್ಚಾ ವಸ್ತುವಿನ ಮೇಲೆ ಹೆಚ್ಚಿನ ದರವಿದ್ದು ಜಮೆ ಉಳಿಯುತ್ತಾ ಹೋದರೆ, ವಿಲೋಮ ದರದ ಮರುಪಾವತಿಗೆ ಅರ್ಜಿ ಸಲ್ಲಿಸಬಹುದು.

ಸುರಕ್ಷತೆಯ ಹೊಣೆಯೂ ತಯಾರಕರದೇ. 2009ರ ಆಗಸ್ಟಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿ ಲೆಕ್ಸಸ್ ಕಾರೊಂದು ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟರು. ಬೇರೆ ಮಾದರಿಯ ಮ್ಯಾಟನ್ನು ಚಾಲಕನ ಕಾಲಡಿಯಲ್ಲಿ ಹಾಕಿದ್ದು, ಅದು ಪೆಡಲಿಗೆ ಸಿಕ್ಕಿತ್ತು. ಮರು ತಿಂಗಳು ಟೊಯೊಟಾ ಸಂಸ್ಥೆ ಅಲ್ಲಿನ ಸುಮಾರು 38 ಲಕ್ಷ ವಾಹನಗಳಿಗೆ ಸಂಬಂಧಿಸಿದಂತೆ ಎಚ್ಚರಿಕೆ ನೀಡಬೇಕಾಯಿತು. ಒಂದು ಮಾದರಿಯ ಹಾಸನ್ನು ಇನ್ನೊಂದಕ್ಕೆ ಹೊಂದುತ್ತದೆಂದು ಹೇಳಿ ಮಾರುವ ಮುನ್ನ ಇದನ್ನು ನೆನೆಯಬೇಕು. ನಮ್ಮಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಪೂರಿತ ವಿನ್ಯಾಸಕ್ಕೆ ಮಾತ್ರವಲ್ಲದೆ, ಬಳಕೆಯ ಸೂಚನೆ ಕೊಡದಿದ್ದುದಕ್ಕೂ ತಯಾರಕರನ್ನು ಹೊಣೆ ಮಾಡುತ್ತದೆ. ವಾಹನದ ಒಳಗಿನ ವಸ್ತುಗಳು ಉರಿಯುವ ವೇಗವನ್ನು ಪರೀಕ್ಷಿಸುವ ಐಎಸ್ 15061 ಮಾನಕದಂತೆ ಹಾಸನ್ನು ಪರೀಕ್ಷೆ ಮಾಡಿಸಿ ವರದಿಯನ್ನು ಇಟ್ಟುಕೊಳ್ಳುವುದು ವ್ಯಾಪಾರಕ್ಕೂ ಅನುಕೂಲ.

ಕೊನೆಯದಾಗಿ, ಕಾರು ಕಂಪನಿಯ ಲಾಂಛನವನ್ನು ಹಾಸಿನ ಮೇಲೆ ಹೊಲಿಯುವುದು ಪೇಟೆಯಲ್ಲಿ ಸಾಮಾನ್ಯವಾಗಿದ್ದರೂ ಅದು ಟ್ರೇಡ್ ಮಾರ್ಕ್ ಉಲ್ಲಂಘನೆ. ಇಂಥ ಮಾದರಿಗೆ ಹೊಂದುತ್ತದೆ ಎಂದು ಅಗತ್ಯವಿದ್ದಷ್ಟು ನಮೂದಿಸಲು 1999ರ ಕಾಯಿದೆಯೇ ಅವಕಾಶ ಕೊಟ್ಟಿದೆ. ಅಷ್ಟಕ್ಕೆ ನಿಲ್ಲುವುದು ಉಚಿತ.

ಹಾಸಿಗೆ ಆರ್ಡರ್ ಕೊಡುವ ಮುನ್ನ ವರ್ತಕ ಬಾಂಧವರು ನಾಲ್ಕು ಕಾಗದಗಳನ್ನು ಮುಂದಿಟ್ಟುಕೊಳ್ಳಲಿ: ಕಳೆದ ಮೂರು ತಿಂಗಳಲ್ಲಿ ಡಿಕ್ಕಿಯಲ್ಲಿ ಸಾಗಿಸಿದ ಸರಕಿನ ಪಟ್ಟಿ, ನೆಲದ ಕಾಗದದ ನಮೂನೆ, ವಿಮಾ ಪಾಲಿಸಿ ಮತ್ತು ಕಿಲೋಮೀಟರ್ ಪುಸ್ತಕ. ಮೊದಲಿನ ಎರಡು ಯಾವ ಹಾಸು ಬೇಕೆಂಬುದನ್ನು ಹೇಳುತ್ತವೆ. ಉಳಿದ ಎರಡು, ಆ ಸರಕು ಆ ವಾಹನದಲ್ಲಿ ಇರಬೇಕೇ ಬೇಡವೇ ಎಂಬುದನ್ನು ಹೇಳುತ್ತವೆ.